ಮಗುವನ್ನು ಸಮರಕಲೆಗೆ ಸೇರಿಸುವ ಮುನ್ನ

ಕರಾಟೆ, ಜೂಡೊ, ಟೇಕ್ವಾಂಡೊ ಮುಂತಾದ ಸಮರಕಲೆಗಳಿಂದ ಮಗುವಿಗೆ ದಕ್ಕುವ ಲಾಭಗಳಲ್ಲಿ ಮೈಮೇಲಿನ ಹಿಡಿತವೇ ಮೊದಲನೆಯದೆಂದು ನಾನು ನಂಬುತ್ತೇನೆ. ಧೈರ್ಯ, ಏಕಾಗ್ರತೆ, ಸಿಟ್ಟಿನ ಮೇಲಿನ ಹತೋಟಿ ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಆದರೆ ಸಮವಸ್ತ್ರ ತೊಡಿಸಿದ ಮಾತ್ರಕ್ಕೆ ಇವು ಬರುವುದಿಲ್ಲ. ಆದ್ದರಿಂದ ಯಾವ ಕಲೆ ಒಳ್ಳೆಯದೆಂದು ವಿಚಾರಿಸುವ ಮೊದಲು ಯಾವ ಗುರು ಒಳ್ಳೆಯವರೆಂದು ವಿಚಾರಿಸಿ.

ಶುಲ್ಕ ಕಟ್ಟುವ ಮುನ್ನ ಒಂದು ತರಗತಿಯನ್ನು ಮೊದಲಿನಿಂದ ಕೊನೆಯವರೆಗೆ ಕುಳಿತು ನೋಡಿ. ಪೋಷಕರು ಒಳಗೆ ಬರುವಂತಿಲ್ಲ ಎನ್ನುವ ಕಡೆ ಮಗುವನ್ನು ಸೇರಿಸಬೇಡಿ. ತಪ್ಪು ಮಾಡಿದ ಮಗುವನ್ನು ಗುರುಗಳು ಎಲ್ಲರೆದುರು ಹೀಯಾಳಿಸುತ್ತಾರೋ, ಪಕ್ಕಕ್ಕೆ ಬಂದು ಪಾದ ಎಲ್ಲಿರಬೇಕೆಂದು ತೋರಿಸುತ್ತಾರೋ ಗಮನಿಸಿ. ಜೋಡಿ ಅಭ್ಯಾಸದಲ್ಲಿ ತೂಕ, ಎತ್ತರ ಹೊಂದುವ ಮಕ್ಕಳನ್ನೇ ಎದುರುಬದುರು ನಿಲ್ಲಿಸಿರಬೇಕು. ಕರಾಟೆಯ ಇಂಥ ಅಭ್ಯಾಸದಲ್ಲಿ ಮುಷ್ಟಿಯು ಎದುರಿನವರ ಎದೆಯ ಹತ್ತಿರ ಬಂದು, ತಾಗುವ ಮುನ್ನವೇ ನಿಲ್ಲಬೇಕು. ರಭಸದಿಂದ ಚಾಚಿದ ಕೈಯನ್ನು ಅಲ್ಲಿ ತಡೆಯಲು ಮಗು ಅಂತರವನ್ನು ಅಳೆಯಬೇಕು, ಎದುರಿನವರ ಮೇಲೆ ಕಣ್ಣಿಟ್ಟಿರಬೇಕು, ಗೆಲ್ಲುವ ಆತುರವನ್ನು ಅದುಮಿಡಬೇಕು. ಏಕಾಗ್ರತೆಯ ಇಷ್ಟು ಒಳ್ಳೆಯ ಪಾಠ ಬೇರೆಡೆ ಸಿಗುವುದು ಕಷ್ಟ.

ಬೀಳುವುದನ್ನು ಕಲಿಸುತ್ತಾರೆಯೇ ಎಂದು ತಪ್ಪದೆ ಕೇಳಿ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಸ್ಥಾಪಿಸಿದ ಜೂಡೊದಲ್ಲಿ ಎಸೆಯುವ ಪಟ್ಟುಗಳಿಗೂ ಮುನ್ನ ಕಲಿಸುವುದು ಇದನ್ನೇ: ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ದುಂಡಗೆ ಬಾಗಿಸಿ, ತಲೆ ನೆಲಕ್ಕೆ ತಾಗದಂತೆ ಬೀಳುತ್ತ, ತೋಳಿನಿಂದ ಚಾಪೆಯನ್ನು ಬಡಿದು ಪೆಟ್ಟಿನ ರಭಸವನ್ನು ಹಂಚಿಬಿಡುವುದು. ಸೈಕಲ್ಲಿನಿಂದ ಉರುಳುವಾಗಲೂ ಉಪಯೋಗಕ್ಕೆ ಬರುವ ವಿದ್ಯೆ ಇದು. ಬಿದ್ದರೂ ಏಳಬಲ್ಲೆನೆಂದು ಮೈಗೆ ಗೊತ್ತಾದ ಮೇಲೆ ಅಂಜುಬುರುಕ ಮಕ್ಕಳ ನಡಿಗೆಯೇ ಬದಲಾಗುವುದುಂಟು.

ಸಾಮಾನ್ಯವಾಗಿ ಐದಾರು ವರ್ಷಕ್ಕೆ ಆರಂಭಿಸಬಹುದು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ, ವಾರಕ್ಕೆರಡು ತರಗತಿಗಳ ಜೊತೆಗೆ ಉಳಿದ ದಿನಗಳ ಆಟವೂ ಇರಲಿ. ಮೇಲಿಂದ ಮೇಲೆ ಪರೀಕ್ಷೆಯ ಹೆಸರಿನಲ್ಲಿ ಹಣ ಪಡೆದು ಹೊಸ ಬಣ್ಣದ ಬೆಲ್ಟ್ ಕಟ್ಟುವ ಕಡೆ ಎಚ್ಚರದಿಂದಿರಿ.

ಯಾರಾದರೂ ಪೀಡಿಸಿದಾಗ ಮೊದಲು ಅಲ್ಲಿಂದ ಹೊರಟುಬಿಡಬೇಕು, ಬಳಿಕ ಹಿರಿಯರಿಗೆ ಹೇಳಬೇಕು ಎಂಬುದನ್ನು ಗುರುಗಳೂ ನೀವೂ ಒಂದೇ ಮಾತಿನಲ್ಲಿ ಹೇಳುತ್ತಿರಬೇಕು. ಮನೆಗೆ ಬಂದ ಮಗುವನ್ನು "ಇವತ್ತು ಯಾರನ್ನು ಸೋಲಿಸಿದೆ?" ಎಂದು ಕೇಳದೆ, "ಹೊಸದೇನು ಕಲಿತೆ, ತೋರಿಸು" ಎನ್ನಿ.

ತಲೆಗೆ ಹೊಡೆಯುವ ಅಭ್ಯಾಸವನ್ನು ಮಾತ್ರ ಮಕ್ಕಳಿಗೆ ಒಪ್ಪಲೇಬೇಡಿ. ಶಿರಸ್ತ್ರಾಣ ಧರಿಸಿದ್ದರೂ ಮಿದುಳಿಗೆ ಆಘಾತವಾಗಬಹುದು. ಆಕಸ್ಮಿಕವಾಗಿ ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಂತಿ, ಮಂಕು ಕಂಡರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತೋರಿಸಿ, ಅವರು ಒಪ್ಪುವವರೆಗೆ ಮತ್ತೆ ತರಗತಿಗೆ ಕಳಿಸಬೇಡಿ.