ಕಂಪನಿ ಮುಚ್ಚಿ ನನ್ನ ಹೆಸರಲ್ಲೇ ಗೊಂಬೆ ಮಾರಿದ್ದು: ನನ್ನ ಅನುಭವ

ನಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು ಕೊನೆಗೂ ಸರ್ಕಾರದ ಕಂಪನಿ ರಿಜಿಸ್ಟರಿನಿಂದ ಹೋಯಿತು. ಆ ನೋಟಿಸ್ ನೋಡಿದ ದಿನ ನನಗೆ ತುಂಬಾ ಹಗುರ ಅನ್ನಿಸಿತು. ಕಂಪನಿ ಬೇಡ, ನನ್ನ ಹೆಸರಲ್ಲೇ ಪ್ರೊಪ್ರೈಟರ್‌ಶಿಪ್ (ಒಬ್ಬರೇ ಮಾಲೀಕರ ವ್ಯಾಪಾರ) ಮಾಡ್ತೀನಿ ಅಂದಾಗ ನಮ್ಮ ಭಾವ, ಆಗಿನ ಸಿಎ, ಪಾಲುದಾರಳಾಗಿದ್ದ ಗೆಳತಿ, ಮೂವರೂ ಬೇಡ ಅಂದಿದ್ದರು. "ಎಲ್ಲರೂ ಮುಂದಕ್ಕೆ ಹೋಗ್ತಾರೆ, ನೀನು ಹಿಂದಕ್ಕೆ ಹೋಗ್ತಿದ್ದೀಯಲ್ಲಮ್ಮ" ಅಂದರು ಭಾವ. ಕಂಪನಿ ಇದ್ದಾಗ ವರ್ಷದ ವಹಿವಾಟು 19 ಲಕ್ಷ ದಾಟಿರಲಿಲ್ಲ. ಹೋದ ವರ್ಷ 58 ಲಕ್ಷದ ಹತ್ತಿರ ಬಂತು. ಅದಕ್ಕೇ ಈಗ ಧೈರ್ಯವಾಗಿ ಬರೀತಿದ್ದೇನೆ.

ನಮ್ಮದು ಚನ್ನಪಟ್ಟಣ. ಅಪ್ಪ ಮೂವತ್ತು ವರ್ಷ ಆಲೆ ಮರ ಕಡೆದು ಗೊಂಬೆ ಮಾಡಿದವರು, ನಾನೂ ಲೇತ್ ಮೇಲೆ ಕೂತು ಕಲಿತವಳು. 2020ರಲ್ಲಿ ಲಾಕ್‌ಡೌನ್ ಆಗಿ ಹೆದ್ದಾರಿ ಅಂಗಡಿಗಳು ಮುಚ್ಚಿದಾಗ ಆನ್‌ಲೈನ್ ಮಾರಾಟ ಶುರು ಮಾಡಿದೆವು. ಆಮೇಲೆ ಹೊಸ ಎಕ್ಸ್‌ಪ್ರೆಸ್‌ವೇ ಊರನ್ನೇ ಬಳಸಿಕೊಂಡು ಹೋಯಿತು, ಅಂಗಡಿ ಮುಂದೆ ಕಾರು ನಿಲ್ಲೋದು ಕಡಿಮೆಯಾಯಿತು. ಆಗ ಆನ್‌ಲೈನೇ ಗತಿ ಆಯಿತು. ಗೆಳತಿ ಬೆಂಗಳೂರಲ್ಲಿ ಕೆಲಸದಲ್ಲಿದ್ದಳು, ಇಬ್ಬರೂ ಡೈರೆಕ್ಟರ್ ಆಗಿ 2020ರ ಜುಲೈನಲ್ಲೇ ಕಂಪನಿ ಮಾಡಿದ್ದೆವು. ಖರ್ಚು ಸುಮಾರು 14 ಸಾವಿರ. ಮುಂದೆ ಹೂಡಿಕೆದಾರರು ಬರ್ತಾರೆ ಅಂತ ಎಲ್ಲರೂ ಹೇಳಿದ್ದೇ ಹೇಳಿದ್ದು. ಒಬ್ಬರೂ ಬರಲಿಲ್ಲ.

ಮೊದಲ ವರ್ಷ 11 ಲಕ್ಷದ ವಹಿವಾಟಿಗೆ ಉಳಿದದ್ದು ಒಂದೂಕಾಲು ಲಕ್ಷ ಇರಬೇಕು. ಅದರಲ್ಲಿ ಆಡಿಟ್, ಲೆಕ್ಕ ಬರೆಯೋದು, ಆರ್‌ಒಸಿ (ಕಂಪನಿ ರಿಜಿಸ್ಟ್ರಾರ್) ಫೈಲಿಂಗ್ ಸೇರಿ 55 ಸಾವಿರ ಹೋಯಿತು. 2022ರಲ್ಲಿ ಗೆಳತಿ ಬಾಣಂತನಕ್ಕೆ ಹೋದಳು. ನಾನು ದಸರಾ, ದೀಪಾವಳಿ ಆರ್ಡರಿನಲ್ಲಿ ಮುಳುಗಿದ್ದೆ. ಕಂಪನಿ ಪ್ರತಿವರ್ಷ ಹಾಕಬೇಕಾದ ಎಒಸಿ-4 (ಲೆಕ್ಕಪತ್ರ), ಎಂಜಿಟಿ-7ಎ (ವಾರ್ಷಿಕ ರಿಟರ್ನ್) ಎರಡೂ ಫಾರಂ ಮರೆತೇ ಹೋದವು. ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಗೊತ್ತಾಗೋ ಹೊತ್ತಿಗೆ ಎರಡರದ್ದೂ ಸೇರಿ 280 ದಿನ ತಡ ಆಗಿತ್ತು, 28 ಸಾವಿರ ಕಟ್ಟಿದೆ. ಅಷ್ಟು ದುಡ್ಡಿಗೆ ಎಷ್ಟು ಬುಗುರಿ ಕಡೆಯಬೇಕು ಅಂತ ಲೇತ್ ಮೇಲೆ ಕೂತವರಿಗೆ ಗೊತ್ತು.

ಆದರೆ ನಾನು ಮನಸ್ಸು ಬದಲಿಸಿದ್ದು ದಂಡದಿಂದಲ್ಲ, ಐಎಸ್‌ಐ ಮಾರ್ಕಿನಿಂದ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಕಡ್ಡಾಯ ಆಯಿತಲ್ಲ, ನಮ್ಮ ಪೇಟೆಯಲ್ಲಿ ಎಲ್ಲರಿಗೂ ಅದೇ ಚಿಂತೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಬಳಿ ನೋಂದಾಯಿಸಿದ ಕುಶಲಕರ್ಮಿ ತಾನೇ ಮಾಡಿ, ತಾನೇ ಮಾರಿದರೆ ವಿನಾಯಿತಿ ಇದೆ. ನನ್ನ ಹತ್ತಿರ ಆ ನೋಂದಣಿಯ ಪೆಹಚಾನ್ ಕಾರ್ಡ್ ಇತ್ತು, ಅಪ್ಪನದೂ ಇತ್ತು. ಆದರೆ ಮಾರುತ್ತಿದ್ದದ್ದು ಕಂಪನಿ! ಕಂಪನಿ ಕುಶಲಕರ್ಮಿ ಹೇಗಾಗುತ್ತೆ? ಒಂದು ಆನ್‌ಲೈನ್ ಮಾರಾಟ ತಾಣದವರು ಇದೇ ಪ್ರಶ್ನೆ ಎತ್ತಿ ನಮ್ಮ 40ಕ್ಕೂ ಹೆಚ್ಚು ಗೊಂಬೆಗಳನ್ನು ತೆಗೆದು ಹಾಕಿದರು. ಐದು ವಾರ ಮಾರಾಟ ಇಲ್ಲ. ಸಿಎಗೆ ಫೋನ್ ಮಾಡಿದರೆ ಅದು ಅವರ ವಿಷಯ ಅಲ್ಲ ಅಂದರು. ರಾತ್ರಿಯೆಲ್ಲಾ ಆ ಆದೇಶವನ್ನು ಓದಿದೆ, ಬೆಳಿಗ್ಗೆ ಅಪ್ಪನಿಗೆ ಹೇಳಿದೆ, ಬಿಲ್ಲು ನನ್ನ ಹೆಸರಲ್ಲೇ ಆಗಬೇಕು ಅಂತ.

ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಒಪಿಸಿ (ಒಬ್ಬರೇ ಇರುವ ಕಂಪನಿ) ಎರಡನ್ನೂ ಇದೇ ಕಾರಣಕ್ಕೆ ಬಿಟ್ಟೆ. ಅಲ್ಲೂ ಮಾರುವವಳು ನಾನಾಗೋದಿಲ್ಲ. ಎಲ್‌ಎಲ್‌ಪಿಗೆ 44ಎಡಿ (ವಹಿವಾಟಿನಲ್ಲಿ ಇಷ್ಟು ಶೇಕಡಾ ಲಾಭ ಅಂತ ತೋರಿಸಿ ತೆರಿಗೆ ಕಟ್ಟುವ, 1961ರ ಆದಾಯ ತೆರಿಗೆ ಕಾಯ್ದೆಯ ಸರಳ ದಾರಿ) ಕೂಡ ಸಿಗೋದಿಲ್ಲ, ಮೊದಲ ರೂಪಾಯಿಂದಲೇ ಶೇ. 30 ತೆರಿಗೆ.

ಬದಲಾಯಿಸುವಾಗ ಮಾಡಿದ ತಪ್ಪುಗಳನ್ನು ಸರಿಯಾಗಿ ಕೇಳಿಸಿಕೊಳ್ಳಿ. ಪ್ಯಾನ್ ಬೇರೆ, ಹಾಗಾಗಿ ಜಿಎಸ್‌ಟಿ ನಂಬರೂ ಬೇರೆ. ನಾನು 2023ರ ಏಪ್ರಿಲ್‌ನಲ್ಲಿ ಅವಸರ ಮಾಡಿ ಹಳೇ ನಂಬರನ್ನು ಮೊದಲು ರದ್ದು ಮಾಡಿಸಿಬಿಟ್ಟೆ. ಐಟಿಸಿ-02 (ಖರೀದಿ ಮೇಲೆ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ಟನ್ನು ವರ್ಗಾಯಿಸುವ ಫಾರಂ) ಹಾಕಿ, ಹೊಸ ನಂಬರಿನಲ್ಲಿ ಕ್ರೆಡಿಟ್ ಒಪ್ಪಿಕೊಂಡು, ಆಮೇಲೆ ರದ್ದು ಮಾಡಿಸಬೇಕಿತ್ತು. ಡಬ್ಬ, ಕೊರಿಯರ್ ಮೇಲೆ ಸೇರಿದ್ದ 38 ಸಾವಿರದ ಕ್ರೆಡಿಟ್ ಹೋಯಿತು. ಮಾರಾಟ ತಾಣದಲ್ಲಿದ್ದ ಸಾವಿರದ ಚಿಲ್ಲರೆ ರಿವ್ಯೂಗಳೂ ಹೋದವು, ಹೊಸ ಖಾತೆ ಅಂದರೆ ಸೊನ್ನೆಯಿಂದ ಶುರು. ಹಳೇ ಗಿರಾಕಿಗಳನ್ನು ಮೂರು ತಿಂಗಳಲ್ಲಿ ಹೇಗೆ ವಾಪಸ್ ತಂದೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಕಂಪನಿ ಮುಚ್ಚೋದೂ ಸುಲಭ ಇಲ್ಲ. ನಡೆಯುತ್ತಿದ್ದ ಕಂಪನಿಯನ್ನು ಎಸ್‌ಟಿಕೆ-2 (ರಿಜಿಸ್ಟರಿನಿಂದ ಹೆಸರು ತೆಗೆಸುವ ಅರ್ಜಿ) ಹಾಕಿ ಮುಚ್ಚಬೇಕಾದರೆ ಎರಡು ಹಣಕಾಸು ವರ್ಷ ವ್ಯವಹಾರ ಇಲ್ಲದೆ ಇರಬೇಕು. ಆ ಎರಡು ವರ್ಷವೂ ಆಡಿಟ್ ಮಾಡಿಸಿ ಫೈಲ್ ಮಾಡಬೇಕು, ವರ್ಷಕ್ಕೆ 25 ಸಾವಿರ ಹೋಯಿತು. ಕೊನೆಗೆ ಸರ್ಕಾರಿ ಶುಲ್ಕ 10 ಸಾವಿರ, ಮೇಲೆ ಸಿಎ ಫೀಸು, ಅಫಿಡವಿಟ್ಟು, ಬಾಂಡು. ಮೊದಲಿಂದ ಕೊನೇವರೆಗೆ ಲೆಕ್ಕ ಹಾಕಿದರೆ ಆ ಕಂಪನಿಗೆ ಮೂರು ಲಕ್ಷದ ಮೇಲೆ ಸುರಿದಿದ್ದೇವೆ.

ಬ್ರ್ಯಾಂಡ್ ಹೆಸರೂ ಕಂಪನಿ ಹೆಸರಲ್ಲೇ ಇತ್ತು. ಅದನ್ನು ಮುಚ್ಚುವ ಮೊದಲೇ ಬರೆಸಿಕೊಳ್ಳಬೇಕು, ಮುಚ್ಚಿದ ಮೇಲೆ ಬರೆದುಕೊಡಲು ಕಂಪನಿಯೇ ಇರೋದಿಲ್ಲ. ಮೊದಲೇ ನನ್ನ ಹೆಸರಲ್ಲಿ ಟ್ರೇಡ್‌ಮಾರ್ಕ್ ಹಾಕಿದ್ದರೆ ಒಂದು ಕ್ಲಾಸಿಗೆ 4,500 ರೂಪಾಯಿಗೆ ಮುಗಿದಿರೋದು.

ಈಗಿನ ತೆರಿಗೆ ಲೆಕ್ಕ ಹೀಗಿದೆ. ದುಡ್ಡೆಲ್ಲಾ ಬ್ಯಾಂಕಿಗೇ ಬರೋದರಿಂದ 44ಎಡಿಯಲ್ಲಿ ಶೇ. 6 ತೋರಿಸಿದರೂ ನಡೆಯುತ್ತೆ ಅಂತ ಕೆಲವರು ಹೇಳ್ತಾರೆ. ನಾನು ಹಾಗೆ ಮಾಡೋದಿಲ್ಲ. ನನಗೆ ಉಳಿಯೋದು ಶೇ. 13-14, ಅದನ್ನೇ ತೋರಿಸುತ್ತೇನೆ. 6 ಅನ್ನೋದು ಕನಿಷ್ಠ, ನಿಜವಾಗಿ ಜಾಸ್ತಿ ಉಳಿದಿದ್ದರೆ ಜಾಸ್ತಿ ತೋರಿಸಲೇಬೇಕು. ಸಾಲ ಕೇಳಲು ಹೋದಾಗ ಆ ರಿಟರ್ನ್ಸೇ ಮಾತಾಡಿತು, ಮುದ್ರಾದಲ್ಲಿ 7 ಲಕ್ಷ ಸಿಕ್ಕಿತು. ಇದೇ ಲಾಭ ಕಂಪನಿಯಲ್ಲಿ ಬಂದಿದ್ದರೆ ಸರ್ಚಾರ್ಜು, ಸೆಸ್ಸು ಸೇರಿ ಶೇ. 25ಕ್ಕೂ ಸ್ವಲ್ಪ ಮೇಲೆ ತೆರಿಗೆ ಕಟ್ಟಿ, ಆಮೇಲೆ ಆ ದುಡ್ಡನ್ನು ಮನೆಗೆ ತರೋಕೆ ಸಂಬಳ, ಡಿವಿಡೆಂಡ್ ಅಂತ ಇನ್ನೊಂದು ದಾರಿ ಹುಡುಕಬೇಕಿತ್ತು. ಒಂದು ಮಾತು, 44ಎಡಿಯಿಂದ ಮಧ್ಯದಲ್ಲಿ ಹೊರಗೆ ಬಂದರೆ ಐದು ವರ್ಷ ವಾಪಸ್ ಹೋಗೋಕಾಗಲ್ಲ. ಅದನ್ನು ಯೋಚಿಸಿಯೇ ಒಳಗೆ ಹೋಗಿ.

"ಏನಾದರೂ ಆದರೆ ಮನೆ ಹೋಗುತ್ತೆ" ಅನ್ನೋದು ಭಾವನ ದೊಡ್ಡ ಭಯ. ಅದು ಸುಳ್ಳಲ್ಲ. ಆದರೆ ಕಂಪನಿ ಇದ್ದಾಗ ಸಾಲ ಕೇಳಿದ್ದಕ್ಕೆ ಬ್ಯಾಂಕಿನವರು ಇಬ್ಬರು ಡೈರೆಕ್ಟರುಗಳಿಂದಲೂ ಸ್ವಂತ ಗ್ಯಾರಂಟಿ ಕೇಳಿದ್ದರು, ಹಾಗಾದರೆ ಲಿಮಿಟೆಡ್ ಅನ್ನೋದು ಎಲ್ಲಿ ಉಳಿಯಿತು? ನಾನು ಮರ, ಅರಗು ಸಾಲಕ್ಕೆ ತರೋದಿಲ್ಲ. ನಮ್ಮ ಗೊಂಬೆಯಿಂದ ಯಾವುದಾದರೂ ಮಗುವಿಗೆ ಏನಾದರೂ ಆದರೆ ಅಂತ ಪ್ರಾಡಕ್ಟ್ ಲಯಬಿಲಿಟಿ ವಿಮೆ ಮಾಡಿಸಿದ್ದೇನೆ, ವರ್ಷಕ್ಕೆ 9-10 ಸಾವಿರ. ಚಿಕ್ಕ ಮಕ್ಕಳ ಗೊಂಬೆಗೆ ಸಣ್ಣ ಬಿಡಿಭಾಗ ಹಾಕೋದೇ ಬಿಟ್ಟಿದ್ದೇನೆ.

ಮಧ್ಯದಲ್ಲಿ ಎರಡು ಪ್ರಯೋಗ ಮಾಡಿದೆ. ದಸರಾ ಗೊಂಬೆಗಳಿಗೆ ಮಾತ್ರ ಅಂತ ನಾದಿನಿ ಜೊತೆ ಪಾರ್ಟ್ನರ್‌ಶಿಪ್ ಡೀಡ್ ಬರೆಸಿದೆ. ಎರಡು ತಿಂಗಳ ವ್ಯಾಪಾರಕ್ಕೆ ಇನ್ನೊಂದು ಪ್ಯಾನ್, ಇನ್ನೊಂದು ರಿಟರ್ನ್ಸ್, ಅಲ್ಲೂ ಶೇ. 30. ಒಂದೇ ಸೀಸನ್‌ಗೆ ನಿಲ್ಲಿಸಿದೆವು, ಈಗ ಅವಳು ಸೀರೆ ಉಡಿಸೋ ಕೆಲಸಕ್ಕೆ ಗೊಂಬೆಗೆ ಇಷ್ಟು ಅಂತ ತಗೋತಾಳೆ, ಇಬ್ಬರಿಗೂ ನೆಮ್ಮದಿ. ಇನ್ನೊಂದು, 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರು ಜಿಎಸ್‌ಟಿ ನೋಂದಣಿ ಇಲ್ಲದೆ ಎನ್‌ರೋಲ್ಮೆಂಟ್ ನಂಬರಿನಲ್ಲೇ ಮಾರಾಟ ತಾಣಕ್ಕೆ ಹೋಗಬಹುದು. ಪಕ್ಕದ ಮನೆ ಅಣ್ಣನಿಗೆ ಅದನ್ನು ಮಾಡಿಸಿಕೊಟ್ಟೆ. ವಾರಕ್ಕೆ ಮೂರು ನಾಲ್ಕು ಆರ್ಡರ್ ಅಷ್ಟೇ. ನಮ್ಮ ಗೊಂಬೆ ಕೊಳ್ಳೋರು ಪುಣೆ, ಚೆನ್ನೈ ಕಡೆ ಜಾಸ್ತಿ. ಆದರೂ ಆನ್‌ಲೈನ್ ಹೇಗಿರುತ್ತೆ ಅಂತ ಅವರಿಗೆ ಗೊತ್ತಾಯಿತು, ಅದೇ ಲಾಭ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಆದರೆ ತಯಾರಿಕೆ ಅಂತಲೇ ಹಾಕಿ. ನಾನು ಮೊದಲು ವ್ಯಾಪಾರ ಅಂತ ಹಾಕಿಬಿಟ್ಟಿದ್ದೆ. ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅನ್ನೋ ನಿಯಮದ ರಕ್ಷಣೆ ವ್ಯಾಪಾರಿಗಳಿಗೆ ಸಿಗೋದಿಲ್ಲ. ಸರಿ ಮಾಡಿಸಿದ ಮೇಲೆ, ನಾಲ್ಕು ತಿಂಗಳಿಂದ ಒಂದೂವರೆ ಲಕ್ಷ ಬಾಕಿ ಇಟ್ಟುಕೊಂಡಿದ್ದ ಬೆಂಗಳೂರಿನ ಗಿರಾಕಿಯೊಬ್ಬರಿಗೆ ಹೊಸ ಆರ್ಡರಿನ ಬಿಲ್ಲಿನ ಮೇಲೆ ಉದ್ಯಮ್ ನಂಬರ್ ಹಾಕಿ ಕಳಿಸಿದೆ. ಮಾರ್ಚ್ ಮುಗಿಯೋದರೊಳಗೆ ಹಳೆಯದೂ ಹೊಸದೂ ಸೇರಿ ದುಡ್ಡು ಬಂತು.