ಮೇಜಿಗೊಂದು ಬಿಲ್ ಎಂದು ಬರೆದವನ ಕಥೆ

ಮುಂಬೈಯ ಮಾಟುಂಗದ ಒಂದು ಉಡುಪಿ ಹೋಟೆಲಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡಲು ಒಪ್ಪಿಕೊಂಡಾಗ, ಅಗತ್ಯಗಳ ಪಟ್ಟಿ ಎಂದರೆ ಧಣಿಗಳು ಹೇಳಿದ್ದನ್ನು ಬರೆದುಕೊಳ್ಳುವುದು ಎಂದೇ ತಿಳಿದಿದ್ದೆ. ಧಣಿಗಳು ಕುಂದಾಪುರ ಕಡೆಯವರು, ಮಾತು ಕಡಿಮೆ. ಗಲ್ಲೆಯ ಮೇಲೆ ಕೈಯೂರಿ, "ಬಿಲ್ ಬೇಗ ಬರಬೇಕು, ಲೆಕ್ಕ ತಪ್ಪಬಾರದು. ಇನ್ನೇನು ಮಾರಾಯ?" ಎಂದರು. ಅಷ್ಟನ್ನೇ ಹನ್ನೆರಡು ಪುಟಕ್ಕೆ ಹಿಗ್ಗಿಸಿದೆ. ಮೇಜಿಗೊಂದು ಸಂಖ್ಯೆ, ಸಂಖ್ಯೆಗೊಂದು ಬಿಲ್. ಆರು ವಾರ ಕೋಡ್ ಬರೆದೆ.

ಮೊದಲ ದಿನ ಬೆಳಿಗ್ಗೆ ಮೂರನೆಯ ಮೇಜಿನಲ್ಲಿ ನಾಲ್ವರು ಕುಳಿತಿದ್ದರು. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲ; ಜಾಗ ಖಾಲಿಯಾದಲ್ಲಿ ಕುಳಿತವರು. ಇಡ್ಲಿ ತಿಂದವನು ಏಳುವಾಗ ಅವನ ಬಿಲ್ಲಿನಲ್ಲಿ ಪಕ್ಕದವನ ಮಸಾಲೆ ದೋಸೆಯೂ ಎದುರಿನವನ ಕಾಫಿಯೂ ಇದ್ದವು. ಮಾಣಿ ಒಂದು ಮಾತೂ ಆಡದೆ ಯಂತ್ರವನ್ನು ಬದಿಗಿಟ್ಟು ಕಿವಿಯ ಮೇಲಿನ ಪೆನ್ಸಿಲ್ ತೆಗೆದ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಧಣಿಗಳನ್ನು ಕೇಳಿದೆ. "ನೀನು ಇಲ್ಲೇ ತಿಂಡಿ ತಿನ್ನುವವನಲ್ಲವೇ? ಕಾಣಲಿಲ್ಲವೇ?" ಎಂದರು.

ಆಮೇಲೆ ಓದಲು ಕುಳಿತೆ. 2011ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದ ಐಎಸ್‌ಒ 29148 ಎಂಬ ಅಂತಾರಾಷ್ಟ್ರೀಯ ಮಾನದಂಡ ಅಗತ್ಯಗಳನ್ನು ಬರೆಯುವ ಈ ವಿದ್ಯೆಗೇ ಮೀಸಲು. ಒಂದು ವಾಕ್ಯದಲ್ಲಿ ಒಂದೇ ಅಗತ್ಯ, ಅದಕ್ಕೆ ಎರಡರ್ಥ ಇರಬಾರದು, ಪರೀಕ್ಷಿಸಿ ನೋಡುವಂತಿರಬೇಕು. ಕಡ್ಡಾಯವಾದದ್ದಕ್ಕೆ ಒಂದು ಕ್ರಿಯಾಪದ, "ಇದ್ದರೆ ಒಳ್ಳೆಯದು" ಎನ್ನುವುದಕ್ಕೆ ಇನ್ನೊಂದು. ಇಷ್ಟು ದಿನ ನಗುತ್ತಿದ್ದ ಸರಕಾರಿ ಆದೇಶಗಳ "ತಕ್ಕದ್ದು" ನನಗೆ ಉಪಯೋಗಕ್ಕೆ ಬಂದದ್ದು ಆಗಲೇ.

ಮೂರು ದಿನ ಗಲ್ಲೆಯ ಪಕ್ಕ ಸುಮ್ಮನೆ ನಿಂತೆ. ಪೆನ್ಸಿಲ್ ಬಿಲ್ಲಿಗೆ ಎಂಟು ಸೆಕೆಂಡು ಹಿಡಿಯುತ್ತಿತ್ತು. ಹಾಗಾಗಿ "ಬೇಗ" ಹೋಗಿ, "ಬೆಳಗಿನ ನೂಕುನುಗ್ಗಲಿನಲ್ಲೂ ಗುಂಡಿ ಒತ್ತಿದ ಮೂರು ಸೆಕೆಂಡಿನೊಳಗೆ ಬಿಲ್ ಮುದ್ರಣವಾಗತಕ್ಕದ್ದು" ಎಂದಾಯಿತು. ಕುರ್ಚಿಗೊಂದು ಗುಂಡಿ ಇಡೋಣ ಎಂದು ಕೈ ತುರಿಸಿತು; ಅದು ಪರಿಹಾರ, ಅಗತ್ಯವಲ್ಲ. "ಒಂದೇ ಮೇಜಿನವರಿಗೆ ಬೇರೆಬೇರೆ ಬಿಲ್ ಕೊಡಲು ಸಾಧ್ಯವಾಗತಕ್ಕದ್ದು" ಎಂದಷ್ಟೇ ಬರೆದೆ.

ಅಡುಗೆಮನೆಗೆ ಹೋದದ್ದೂ ಆಗಲೇ. ಅಲ್ಲಿ ಆರ್ಡರ್ ತೋರಿಸುವ ಕಂಪ್ಯೂಟರ್ ಪರದೆಯೊಂದನ್ನು ಇಡುವುದೆಂದು ಬರೆದಿದ್ದೆ, ದೋಸೆ ಹುಯ್ಯುವ ಭಟ್ಟರನ್ನು ಕೇಳಿಯೇ ಇರಲಿಲ್ಲ. ಅವರ ಎರಡೂ ಕೈ ಹಿಟ್ಟಿನಲ್ಲಿ. ಪರದೆ ಮುಟ್ಟುವುದು ಯಾರು? ಅವರಿಗೆ ಬೇಕಾದದ್ದು ಕಣ್ಣಿನ ಮಟ್ಟದಲ್ಲಿ ತೂಗುವ ಚೀಟಿ. ಲೆಕ್ಕಪತ್ರ ನೋಡುವವರದು ಇನ್ನೊಂದು ಗೋಳು. 2017ರ ಜುಲೈಯಲ್ಲಿ ಹವಾನಿಯಂತ್ರಣವಿಲ್ಲದ ಹೋಟೆಲಿಗೆ ಶೇ. 12 ಇದ್ದ ಜಿಎಸ್‌ಟಿ ಅದೇ ನವೆಂಬರಿನಲ್ಲಿ ಶೇ. 5ಕ್ಕೆ ಇಳಿದಾಗ ಹಳೆಯ ತಂತ್ರಾಂಶದವನ ಬೆನ್ನು ಹತ್ತಿ ಅಲೆದವರು ಅವರು. ದರವನ್ನು ಕೋಡಿನೊಳಗೆ ಹುಗಿಯಬಾರದು ಎಂಬ ಸಾಲು ಅವರದೇ.

ಹೊಸ ಪಟ್ಟಿ ಎರಡೇ ಪುಟ. ಧಣಿಗಳು ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು. ಗಿರಾಕಿಯ ಮೊಬೈಲ್ ಸಂಖ್ಯೆ ದಾಖಲಿಸಿಕೊಳ್ಳುವ ಸಾಲಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು. "ಕಾಫಿ ಕುಡಿಯಲು ಬಂದವನ ನಂಬರು ನಮಗೆ ಯಾಕೆ?" ಎಂದು ಅದೊಂದನ್ನು ಹೊಡೆದುಹಾಕಿ, ಕೆಳಗೆ ಸಹಿ ಮಾಡಿದರು.