ಯೆಜ್ಡಿ ಎಫ್.ಸಿ.: ಬೋರ್ ಮಾಡಿಸಿ ಕೆಟ್ಟೆ, ನಂಬರ್ ಮೇಲಿನ ಪೇಂಟ್ ಕಿತ್ತು ಗೆದ್ದೆ

"ಟೂ ಸ್ಟ್ರೋಕ್ ಗಾಡೀನ ಬ್ರೋಕರ್ ಇಲ್ಲದೆ ಎಫ್.ಸಿ. ಮಾಡಿಸ್ತೀಯಾ? ಮಾಡಿಸು ನೋಡೋಣ" ಅಂತ ನಕ್ಕವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಎಫ್.ಸಿ. ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಹಳೇ ಗಾಡಿ ಇನ್ನೂ ಓಡಿಸೋಕೆ ಯೋಗ್ಯ ಅಂತ ಆರ್‌ಟಿಓ ಕೊಡೋದು. ಅವರಲ್ಲಿ ಇಬ್ಬರ ಗಾಡಿ ಈಗ ನಮ್ಮನೆ ಅಂಗಳದಲ್ಲಿ ನಿಂತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು 1994ರ ಯೆಜ್ಡಿ ರೋಡ್‌ಕಿಂಗ್. ಇರುವುದು ಚಿಕ್ಕಬಳ್ಳಾಪುರದಲ್ಲಿ, ನಂಬರ್ ಮಾತ್ರ ಕೆಎ-07. ಆಗ ನಾವಿನ್ನೂ ಕೋಲಾರ ಜಿಲ್ಲೆ, ಬೇರೆಯಾಗಿದ್ದು 2007ರಲ್ಲಿ. ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ರಿಜಿಸ್ಟ್ರೇಷನ್ ರಿನ್ಯೂವಲ್ ಅಲ್ವಾ. 2009, 2014, 2019, ಮೂರು ಸಲವೂ ಬ್ರೋಕರ್ ಕೈಗೆ ಕೊಟ್ಟು ಸುಮ್ಮನಾಗಿದ್ದೆ. 2024ರಲ್ಲಿ ಅವನು ಆರು ಸಾವಿರ ಕೇಳಿದ. ಸಿಟ್ಟು ಬಂತು. ನಾನೇ ಮಾಡಿಸ್ತೀನಿ ಅಂದುಬಿಟ್ಟೆ.

ಮೊದಲ ಎಡವಟ್ಟು ಬೋರ್, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೋಡೆ. ಹೊಗೆ ಜಾಸ್ತಿ, ಬೋರ್ ಹೋಗಿದೆ ಅಂತ ನಾನೇ ತೀರ್ಮಾನಿಸಿ ಸಿಲಿಂಡರ್ ಬಿಚ್ಚಿಸಿದೆ. ಪಿಸ್ಟನ್, ರಿಂಗ್, ಲೇತ್ ಕೂಲಿ ಎಲ್ಲ ಸೇರಿ ಆರೂವರೆ ಸಾವಿರದ ಹತ್ತಿರ. ಆಮೇಲೆ ಬುದ್ಧಿ ಬಂತು. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಉರಿಯುತ್ತೆ; ಹೊಸ ಪಿಸ್ಟನ್ ಹೊಂದಿಕೊಳ್ಳುವವರೆಗೆ ಆಯಿಲ್ ಜಾಸ್ತಿ ಹಾಕಬೇಕು, ಆಯಿಲ್ ಜಾಸ್ತಿ ಆದರೆ ಹೊಗೆಯೂ ಜಾಸ್ತಿ! ಅದೇ ಸ್ಥಿತಿಯಲ್ಲಿ ಎಮಿಷನ್ ಟೆಸ್ಟ್‌ಗೆ ಹೋದೆ. 2000ದ ಮಾರ್ಚ್‌ವರೆಗಿನ ಗಾಡಿಗೆ ಸಿಓ (ಕಾರ್ಬನ್ ಮಾನಾಕ್ಸೈಡ್) ಶೇಕಡಾ 4.5, ಎಚ್‌ಸಿ (ಉರಿಯದೆ ಹೊರಬರುವ ಇಂಧನ) 9,000 ಪಿಪಿಎಂ ಒಳಗಿರಬೇಕು. ನನ್ನದು ಎಚ್‌ಸಿ 11 ಸಾವಿರ ದಾಟಿತ್ತು. ಪೈಪ್ ಹಾಕಿದ ಹುಡುಗ ಕಣ್ಣುಜ್ಜಿಕೊಂಡು, "ಅಂಕಲ್, ಇದೇನು ಸೊಳ್ಳೆ ಹೊಡೆಯೋ ಮಿಷನ್ನಾ?" ಅಂದ.

ನಿಜವಾದ ಕಳ್ಳ ಇದ್ದಿದ್ದು ಸೈಲೆನ್ಸರ್ ಒಳಗೆ. ಎರಡರಲ್ಲೂ ಮಸಿ ಡಾಂಬರಿನ ಹಾಗೆ ಕಟ್ಟಿಕೊಂಡಿತ್ತು. ಕಾಸ್ಟಿಕ್ ಸೋಡಾ ನೀರು ತುಂಬಿ ರಾತ್ರಿಯಿಡೀ ಗೋಡೆಗೆ ಒರಗಿಸಿಟ್ಟೆ. ಬೆಳಿಗ್ಗೆ ಬಗ್ಗಿಸಿದರೆ ಡಿಕಾಕ್ಷನ್ ಥರ ಕಪ್ಪು ನೀರು, ಹಿಂದೆಯೇ ಚಕ್ಕೆ ಚಕ್ಕೆ ಮಸಿ. ಆ ಖುಷಿಯಲ್ಲಿ ಕಾರ್ಬೊರೇಟರನ್ನೂ ಅದೇ ಬಕೆಟ್‌ಗೆ ಮುಳುಗಿಸಿದೆ. ಬುಸಬುಸ ನೊರೆ ಬಂತು. ಅರ್ಧ ಗಂಟೆ ಬಿಟ್ಟು ತೆಗೆದರೆ ಮೈಯೆಲ್ಲ ತೂತು, ಕಪ್ಪು. ಸೋಡಾ ಕಬ್ಬಿಣವನ್ನು ಬಿಡುತ್ತೆ, ಅಲ್ಯೂಮಿನಿಯಂ ತಿನ್ನುತ್ತೆ. ಈ ಪಾಠಕ್ಕೆ 1,800 ರೂಪಾಯಿ.

ಆಮೇಲೆ ಹೊಗೆ ಕಮ್ಮಿ ಇರುವ 2ಟಿ (ಟೂ ಸ್ಟ್ರೋಕ್) ಆಯಿಲ್‌ಗೆ ಬದಲಾಯಿಸಿದೆ. ಲೀಟರ್ ಪೆಟ್ರೋಲ್‌ಗೆ ಎಷ್ಟು, ಕಾರ್ಬೊರೇಟರ್‌ನ ಏರ್ ಸ್ಕ್ರೂ ಎಷ್ಟು ಸುತ್ತು ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ. ಒಂದು ಮಾತು ಹೇಳ್ತೀನಿ: ತಣ್ಣಗಿನ ಗಾಡಿ ತಗೊಂಡು ಟೆಸ್ಟ್‌ಗೆ ಹೋಗಬೇಡಿ. ನಾನು ನಂದಿಗೆ ಹೋಗಿ, ಭೋಗನಂದೀಶ್ವರನಿಗೆ ಗಾಡಿ ಮೇಲಿಂದಲೇ ಕೈ ಮುಗಿದು, ಇಂಜಿನ್ ಆಫ್ ಮಾಡದೆ ತಿರುಗಿಸಿಕೊಂಡು ಬಂದೆ. ಎಚ್‌ಸಿ ಆರು ಸಾವಿರ ಚಿಲ್ಲರೆ, ಸಿಓ ಮೂರರ ಆಸುಪಾಸು. ಅದೇ ಹುಡುಗ ಎರಡು ಸಲ ಪೈಪ್ ತೆಗೆದು ಹಾಕಿ ನೋಡಿದ.

ಗೆದ್ದೆ ಅಂದುಕೊಂಡು ಆರ್‌ಟಿಓ ಇನ್‌ಸ್ಪೆಕ್ಷನ್‌ಗೆ ಹೋದರೆ ಹೊಗೆ ಬಗ್ಗೆ ಯಾರೂ ಕೇಳಲೇ ಇಲ್ಲ. ಚಾಸಿಸ್ ನಂಬರ್ (ಫ್ರೇಮ್ ಮೇಲೆ ಕೊರೆದಿರೋದು) ಓದೋಕಾಗ್ತಿಲ್ಲ, ಕ್ಲೀನ್ ಮಾಡಿಸಿಕೊಂಡು ಬನ್ನಿ ಅಂದರು. ಮೂರು ಸಲ ಪೇಂಟ್ ಹೊಡೆಸಿದ್ದೆನಲ್ಲ, 3 ಯಾವುದು 8 ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಎಮೆರಿ ಪೇಪರ್ ಮಾತ್ರ ಹಾಕಬೇಡಿ. ಉಜ್ಜಿದ ಗುರುತು ಕಂಡರೆ ನಂಬರ್ ತಿದ್ದಿದ್ದಾರೆ ಅನ್ನೋ ಅನುಮಾನ ಬರುತ್ತೆ. ಥಿನ್ನರ್‌ನಲ್ಲಿ ಅದ್ದಿದ ಹತ್ತಿ ಒತ್ತಿಟ್ಟು, ಹಳೇ ಟೂತ್‌ಬ್ರಷ್‌ನಲ್ಲಿ ಒಂದೊಂದೇ ಪದರ ತೆಗೆದೆ. ಮೇಲಿನ ಕಪ್ಪು, ಕೆಳಗಿನ ಮರೂನ್, ಕೊನೆಗೆ ಪ್ರೈಮರ್. ಕಾಗದ ಇಟ್ಟು ಪೆನ್ಸಿಲ್ ಆಡಿಸಿದಾಗ ಪೂರ್ತಿ ನಂಬರ್ ಮೂಡಿತು. ಮಗಳ ಡ್ರಾಯಿಂಗ್ ಪೆನ್ಸಿಲ್ಲೇ ಆಗಬೇಕು, ಗಟ್ಟಿ ಪೆನ್ಸಿಲ್‌ಗೆ ಕಾಗದ ಹರಿಯುತ್ತೆ.

ನಡುವೆ ಹೆಡ್‌ಲೈಟ್‌ಗೆ ಎಲ್‌ಇಡಿ ಹಾಕಿ ನೋಡಿದೆ. ಹಳೇ ಡೂಮ್‌ನಲ್ಲಿ ಬೆಳಕು ಎಲ್ಲ ಕಡೆ ಚೆಲ್ಲಾಡುತ್ತೆ, ರಸ್ತೆಗೆ ಬೀಳಲ್ಲ. ತೆಗೆದು ಹಳೇ ಬಲ್ಬೇ ಹಾಕಿದೆ. ರಾತ್ರಿ ಕಾಂಪೌಂಡ್ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಹೆಂಡತಿಯನ್ನು ಸೀಟ್ ಮೇಲೆ ಕೂರಿಸಿ ಡಿಮ್ ಸೆಟ್ ಮಾಡಿದೆ. ಭಾರ ಇಲ್ಲದೆ ಸೆಟ್ ಮಾಡಿದರೆ ಲೆಕ್ಕ ತಪ್ಪುತ್ತೆ.

ಎರಡನೇ ಸಲ ಹೋದಾಗ ಪಾಸ್. ಅಲ್ಲಿದ್ದ ಹುಡುಗನೊಬ್ಬ ಸ್ಟಾರ್ಟ್ ಮಾಡ್ತೀನಿ ಅಂತ ಹತ್ತಿ, ಕಿಕ್ಕರ್ ಹುಡುಕಿ ಸುಸ್ತಾದ. ಗೇರ್ ಲಿವರನ್ನೇ ಹಿಂದಕ್ಕೆ ಎತ್ತಿ ತೋರಿಸಿದೆ. ಫೋಟೋ ತೆಗೆದುಕೊಂಡ.

ಖರ್ಚಿಗೆ ಬರೋಣ. ಆಗಿನ ಫೀ 1,000. ಏಳು ತಿಂಗಳು ತಡವಾಗಿದ್ದಕ್ಕೆ ತಿಂಗಳಿಗೆ 300ರಂತೆ 2,100. ಬೋರ್, ಕಾರ್ಬೊರೇಟರ್, ಸಣ್ಣಪುಟ್ಟದ್ದು ಸೇರಿ ಹನ್ನೆರಡು ಸಾವಿರ ಹೋಯಿತು. ಬ್ರೋಕರ್ ಕೇಳಿದ್ದರ ಎರಡರಷ್ಟು! ಇದನ್ನು ಬೀದಿಯವರಿಗೆ ಹೇಳಿಲ್ಲ.

ಆದರೆ ಆ ಪಾಠದಿಂದ ಬಾಮೈದನ ಸುಜುಕಿ ಮ್ಯಾಕ್ಸ್ 100, ಅದೂ ಟೂ ಸ್ಟ್ರೋಕೇ, ಮೊದಲ ಸಲಕ್ಕೇ ಪಾಸ್ ಆಯಿತು. ಅದು 2000ದ ಕೊನೆಯಲ್ಲಿ ತಗೊಂಡ ಗಾಡಿ, ಹಾಗಾಗಿ ಮಿತಿ ಇನ್ನೂ ಬಿಗಿ: ಸಿಓ 3.5, ಎಚ್‌ಸಿ 6,000. ನನ್ನದಕ್ಕಿಂತ ಹೊಸದು, ಕಷ್ಟ ಮಾತ್ರ ಜಾಸ್ತಿ. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಿಂದ ಫೀ ಕೂಡ 2,000. ಅದು ಬಿಟ್ಟರೆ ಖರ್ಚಾಗಿದ್ದು ಒಂಬೈನೂರು. ಇಂಜಿನ್‌ಗೆ ಸ್ಪ್ಯಾನರ್ ಮುಟ್ಟಿಸಲೇ ಇಲ್ಲ.

ಈಗ ಅಂಗಳದಲ್ಲಿರುವ ಎರಡರಲ್ಲಿ ಒಂದಕ್ಕೆ ಆರ್‌ಸಿಯಲ್ಲಿ ಬಣ್ಣ ಕೆಂಪು, ನಿಂತಿರೋದು ಕಪ್ಪು ಗಾಡಿ. ಪೇಂಟ್ ಅಂಗಡಿಯವನು ನಾಳೆ ಬರ್ತೀನಿ ಅಂದಿದ್ದಾನೆ.